ಮೊಬೈಲ್ ಸ್ಟಾರ್ಟರ್ ಹಾಕಿಸಬಹುದಾ ಅಂದವರಿಗೆ, ಆರು ವರ್ಷ ಇಟ್ಟುಕೊಂಡವನ ಉತ್ತರ

ಗೌರಿಬಿದನೂರಿನ ಅಣ್ಣ ಮೊನ್ನೆ ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಇದು ಉತ್ತರ. ಪ್ರಶ್ನೆ ಮೇಲೆಲ್ಲೋ ಹೋಗಿಬಿಟ್ಟಿದೆ, ನೋಡದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅವರ ತಂದೆಯವರಿಗೆ ಅರವತ್ತೆಂಟು. ರಾತ್ರಿ ಪಾಳಿ ಕರೆಂಟ್ ಬಂದ ವಾರ, ಒಂದು ಗಂಟೆಗೆ ಎದ್ದು ಟಾರ್ಚ್ ಹಿಡಿದು ತೋಟಕ್ಕೆ ಹೋಗುತ್ತಾರೆ. ಮಗನ ಕೆಲಸ ದೊಡ್ಡಬಳ್ಳಾಪುರದಲ್ಲಿ. ಬೋರ್ 1,150 ಅಡಿ, ಮೋಟಾರ್ 10 ಎಚ್‌ಪಿ. ಫೋನಿನಲ್ಲೇ ಮೋಟಾರ್ ಆನ್ ಆಫ್ ಮಾಡುವ ವಿಡಿಯೋ ಒಂದನ್ನು ಹಾಕಿ, ಇದನ್ನು ಹಾಕಿಸಬಹುದಾ, ಯಾವ ಕಂಪನಿಯದು ಒಳ್ಳೆಯದು ಅಂತ ಕೇಳಿದ್ದಾರೆ. ಕೆಳಗೆ ಬಂದ ಉತ್ತರಗಳೆಲ್ಲ ಕಂಪನಿ ಹೆಸರುಗಳೇ. ನಾನು ಕಂಪನಿ ಹೆಸರು ಹೇಳಲ್ಲ. ಹಾಕಿಸಿ, ಆದರೆ ಅದಕ್ಕೆ ಮುಂಚೆ ಮಾಡಬೇಕಾದ ಕೆಲಸ ಇದೆ.

ನಮ್ಮದು ಮಧುಗಿರಿ ತಾಲ್ಲೂಕು. 780 ಅಡಿ ಬೋರ್, ಏಳೂವರೆ ಎಚ್‌ಪಿ, ಅಡಿಕೆ, ಮಧ್ಯೆ ಸ್ವಲ್ಪ ಸೇವಂತಿಗೆ. ನಮ್ಮ ಕಡೆ ರಾತ್ರಿ ತೋಟಕ್ಕೆ ಹೋಗುವುದೆಂದರೆ ಹಾವಿನ ಭಯ ಒಂದೇ ಅಲ್ಲ, ಕರಡಿ. ಗುಡ್ಡದಿಂದ ಇಳಿದು ಹಲಸು, ಸೀತಾಫಲ ಹುಡುಕಿಕೊಂಡು ಬರುತ್ತವೆ. ನಾನು ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇ ಕರಡಿಗೆ ಹೆದರಿ. ಮೊದಲನೆಯದು ಒಂದು ವರ್ಷವೂ ಬರಲಿಲ್ಲ. ಎರಡನೆಯದು ಐದು ವರ್ಷದಿಂದ ಓಡುತ್ತಿದೆ.

ಮೊದಲು ಆ ವಿಡಿಯೋ ಕೆಳಗಿದ್ದ ಲಿಂಕ್ ವಿಷಯ. 'ಸರ್ಕಾರದಿಂದ ಉಚಿತ ಮೊಬೈಲ್ ಸ್ಟಾರ್ಟರ್, ಇಲ್ಲಿ ನೋಂದಾಯಿಸಿ' ಅಂತ ಇದೆಯಲ್ಲ, ಅದನ್ನು ಒತ್ತಬೇಡಿ. ಸಬ್ಸಿಡಿ ಇದೆಯೋ ಇಲ್ಲವೋ ಅನ್ನುವುದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಯಾರಾದರೂ ಆಗಲೇ ಒತ್ತಿ, ಬಂದ ಫೈಲ್ ಫೋನಿಗೆ ಹಾಕಿಕೊಂಡು, ಓಟಿಪಿ ಕೊಟ್ಟು ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ.

ಈಗ ಯಂತ್ರದ ವಿಷಯ. ವಿಡಿಯೋದಲ್ಲಿ ಏನೋ ಮಾಯಾಪೆಟ್ಟಿಗೆ ಅನ್ನುವ ಹಾಗೆ ತೋರಿಸಿದ್ದಾರೆ. ಅಂಥದ್ದೇನೂ ಇಲ್ಲ. ನಿಮ್ಮ ಹಳೇ ಸ್ಟಾರ್ಟರ್ ಅಲ್ಲೇ ಇರುತ್ತದೆ. ಅದರ ಹಸಿರು ಗುಂಡಿಯ ಎರಡು ವೈರಿಗೆ ಹೊಸ ಯಂತ್ರದಿಂದ ಒಂದು ಜೋಡಣೆ, ಕೆಂಪು ಗುಂಡಿಯ ವೈರಿಗೆ ಇನ್ನೊಂದು. ನೀವು ಫೋನ್ ಮಾಡಿ ಒಂದು ಒತ್ತಿದರೆ ಒಳಗಿನ ರಿಲೇ ಟಕ್ ಅಂದು ಹಸಿರು ಗುಂಡಿ ಒತ್ತಿದ ಕೆಲಸ ಮಾಡುತ್ತದೆ. ಅಷ್ಟೇ. ನಿಮ್ಮ ಬೆರಳಿನ ಬದಲು ಅದರ ಬೆರಳು.

ಅಂದಮೇಲೆ ಹಳೇ ಸ್ಟಾರ್ಟರ್ ಕೆಟ್ಟಿದ್ದರೆ ಹೊಸ ಬೆರಳು ತಂದು ಏನು ಪ್ರಯೋಜನ? ಮೇನ್ ಸ್ವಿಚ್ ಆಫ್ ಮಾಡಿ, ಬಾಗಿಲು ತೆಗೆದು ಕಾಂಟ್ಯಾಕ್ಟರ್ ಪಾಯಿಂಟುಗಳನ್ನು, ಅಂದರೆ ಕೂಡಿಕೊಂಡು ಮೋಟಾರಿಗೆ ಕರೆಂಟ್ ಬಿಡುವ ಲೋಹದ ತುದಿಗಳನ್ನು, ನೋಡಿ. ಸುಟ್ಟು ಕಪ್ಪಾಗಿ, ಗುಳಿ ಬಿದ್ದಿದ್ದರೆ ಬದಲಾಯಿಸಿ. ಪಾಯಿಂಟ್ ಒಂದಕ್ಕೊಂದು ಅಂಟಿಕೊಂಡುಬಿಟ್ಟರೆ ನೀವು ಫೋನಿನಲ್ಲಿ ಎಷ್ಟು ಸಲ ಆಫ್ ಒತ್ತಿದರೂ ಮೋಟಾರ್ ನಿಲ್ಲುವುದಿಲ್ಲ. ಎದುರಿಗಿದ್ದರೆ ಮೇನ್ ಎಳೆಯುತ್ತೀರಿ. ದೊಡ್ಡಬಳ್ಳಾಪುರದಲ್ಲಿದ್ದರೆ?

ಇನ್ನೊಂದು, ಸುಮ್ನೆ ಹೇಳುತ್ತಿಲ್ಲ: ಇರುವೆ. ಪಾಯಿಂಟ್ ಮಧ್ಯೆ ಇರುವೆ ಸೇರಿ ಸತ್ತರೆ, ಮೋಟಾರಿಗೆ ಕರೆಂಟ್ ತರುವ ಮೂರು ಫೇಸಿನಲ್ಲಿ (ಮೂರು ಲೈನಿನಲ್ಲಿ) ಒಂದು ಹಿಡಿಯುವುದಿಲ್ಲ. ಹಲ್ಲಿ ಹೋಗಿ ಎರಡು ಫೇಸಿಗೆ ಅಡ್ಡ ಬಿದ್ದರಂತೂ ಢಂ. ನಮ್ಮ ಪೆಟ್ಟಿಗೆಯ ಮೂಲೆಯಲ್ಲಿ ನಾಲ್ಕು ನುಸಿಗುಳಿಗೆ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದೇನೆ, ಕೇಬಲ್ ಒಳಗೆ ಬರುವ ತೂತಿಗೆ ಎಂ-ಸೀಲ್ ಮೆತ್ತಿದ್ದೇನೆ. ಎರಡು ತಿಂಗಳಿಗೊಮ್ಮೆ ಗುಳಿಗೆ ಬದಲಾಯಿಸುತ್ತೇನೆ.

ದುಡ್ಡು ಹಾಕುವುದಾದರೆ ಆ್ಯಪ್‌ಗೆ ಹಾಕಬೇಡಿ, ಮೋಟಾರ್ ಕಾಯುವ ಭಾಗಕ್ಕೆ ಹಾಕಿ. ಎರಡು ಬೇಕೇ ಬೇಕು. ಒಂದು, ಮೂರು ಫೇಸಿನಲ್ಲಿ ಒಂದು ಹೋದರೆ ತಕ್ಷಣ ಕತ್ತರಿಸುವುದು. ಎರಡೇ ಫೇಸಿನಲ್ಲಿ ಓಡಿದರೆ ಉಳಿದ ಎರಡರಲ್ಲಿ ಆಂಪ್ಸ್, ಅಂದರೆ ಮೋಟಾರ್ ಎಳೆಯುವ ಕರೆಂಟ್, ಏರಿ ವೈಂಡಿಂಗ್ ಸುಟ್ಟುಹೋಗುತ್ತದೆ. ಲೈನ್ ಕೆಲಸ ಮಾಡುವಾಗ ಫೇಸ್ ಅದಲು ಬದಲಾಗಿ ಮೋಟಾರ್ ಉಲ್ಟಾ ತಿರುಗುವುದೂ ಉಂಟು. ಅದನ್ನೂ ಹಿಡಿಯುವ ಮಾಡೆಲ್ ತಗೊಳ್ಳಿ. ಎರಡನೆಯದು ಡ್ರೈ ರನ್. ಬೋರಿನಲ್ಲಿ ನೀರು ಕೆಳಗೆ ಹೋಗಿ ಪಂಪ್ ಖಾಲಿ ತಿರುಗಿದರೆ ಆಂಪ್ಸ್ ಇಳಿಯುತ್ತದೆ, ಯಂತ್ರ ಅದನ್ನು ನೋಡಿ ನಿಲ್ಲಿಸುತ್ತದೆ. ಬೋರ್ ಮೋಟಾರಿಗೆ ತಂಪು ಸುತ್ತಲಿನ ನೀರಿನಿಂದಲೇ. ನೀರಿಲ್ಲದೆ ಓಡಿದರೆ ಬೇರಿಂಗೂ ಹೋಗುತ್ತದೆ, ವೈಂಡಿಂಗೂ ಹೋಗುತ್ತದೆ.

ಈ ಡ್ರೈ ರನ್ ಆಂಪ್ಸ್ ಸರಿಯಾಗಿ ಇಡದೆ ನನ್ನ ಮೊದಲ ವರ್ಷ ಹಾಳಾಯಿತು. ನನ್ನ ಮೋಟಾರ್ ನೀರು ತುಂಬಿ ಬರುವಾಗ 12 ಆಂಪ್ಸ್ ಎಳೆಯುತ್ತದೆ. ಹಾಕಲು ಬಂದ ಹುಡುಗ ಅಂದಾಜಿನಲ್ಲಿ 5ಕ್ಕೆ ಇಟ್ಟು, ಚಹಾ ಕುಡಿದು ಹೋದ. ಏಪ್ರಿಲ್‌ನಲ್ಲಿ ಬೋರ್ ಬಿಟ್ಟು ಬಿಟ್ಟು ಬರಲು ಶುರುವಾಯಿತು. ಖಾಲಿ ಓಡುವಾಗಲೂ 7 ಆಂಪ್ಸ್ ಇತ್ತು, ಯಂತ್ರಕ್ಕೆ ಎಲ್ಲ ಸರಿ ಅನ್ನಿಸಿತು. ಒಂಬತ್ತು ದಿನಕ್ಕೆ ಮೋಟಾರ್ ಸುಟ್ಟಿತು. ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಬಿಡಿಸುವಷ್ಟರಲ್ಲಿ ಇಪ್ಪತ್ತೆರಡು ಸಾವಿರ. ಈಗ 9ಕ್ಕೆ ಇಟ್ಟಿದ್ದೇನೆ. ನಿಮ್ಮದು 10 ಎಚ್‌ಪಿ, ಆಂಪ್ಸ್ ಬೇರೆ ಇರುತ್ತದೆ. ಮೋಟಾರ್ ಚೆನ್ನಾಗಿ ನೀರು ಕೊಡುವ ದಿನ ಅರ್ಧ ಗಂಟೆ ಓಡಿಸಿ, ಆಂಪ್ಸ್ ಬರೆದಿಟ್ಟುಕೊಳ್ಳಿ. ಅದರ ಮುಕ್ಕಾಲು ಭಾಗಕ್ಕೆ ಡ್ರೈ ರನ್ ಇಡಿಸಿ. ಹುಡುಗ ಅವಸರ ಮಾಡಿದರೂ ಬಿಡಬೇಡಿ, ನಿಮ್ಮ ಎದುರಿಗೇ ಇಡಲಿ.

ಸಿಮ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹಳೇ ಮಾಡೆಲ್‌ಗಳು 2ಜಿ. ಅದಕ್ಕೆ ಜಿಯೋ ಸಿಮ್ ಹಾಕಿದರೆ ಕೆಲಸ ಮಾಡುವುದಿಲ್ಲ, ಯಾಕೆಂದರೆ ಜಿಯೋಗೆ 2ಜಿ ಇಲ್ಲವೇ ಇಲ್ಲ. ಈಗ ಹೊಸದಾಗಿ ತಗೊಳ್ಳುವವರು 4ಜಿ ಮಾಡೆಲ್ಲೇ ತಗೊಳ್ಳಿ, ಅಂಗಡಿಯಲ್ಲಿ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಅದು 2ಜಿ ಉಳಿಕೆ ಮಾಲು ಇರಬಹುದು. ತಗೊಳ್ಳುವ ಮುಂಚೆ ಸ್ಟಾರ್ಟರ್ ಪೆಟ್ಟಿಗೆ ಪಕ್ಕದಲ್ಲೇ ನಿಂತು ನಿಮ್ಮ ಫೋನಿನಲ್ಲಿ ಯಾವ ಸಿಮ್‌ಗೆ ಸಿಗ್ನಲ್ ಇದೆ ನೋಡಿ. ಆಂಟೆನಾ ತಗಡಿನ ಪೆಟ್ಟಿಗೆಯಿಂದ ಹೊರಗೆ ಬರಲಿ, ಒಳಗಿದ್ದರೆ ಸಿಗ್ನಲ್ ಹಿಡಿಯುವುದಿಲ್ಲ. ಕಾಲ್ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ರೀಚಾರ್ಜ್ ಸಾಕು. ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್ ಸಂಸ್ಥೆ ಹೇಳಿದಮೇಲೆ 2025ರಿಂದ ಎಲ್ಲ ಕಂಪನಿಗಳೂ ಅಂಥ ಪ್ಲಾನ್ ಇಟ್ಟಿವೆ. ರೀಚಾರ್ಜ್ ಮುಗಿಯುವ ದಿನ ಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ನಗಬೇಡಿ, ನನ್ನ ಮೊದಲ ಸಿಮ್ ಯಾರೋ ಬಿಟ್ಟ ನಂಬರ್. ಆ ಪುಣ್ಯಾತ್ಮ ಎಲ್ಲೋ ಸಾಲ ಮಾಡಿದ್ದ. ನನ್ನ ಯಂತ್ರ ಮಿಸ್ಡ್ ಕಾಲ್‌ಗೆ ಆನ್ ಆಗುವ ಹಾಗೆ ಇತ್ತು, ಯಾರ ನಂಬರ್ ಅಂತ ನೋಡುತ್ತಿರಲಿಲ್ಲ. ಸಾಲ ವಸೂಲಿಯವರು ಫೋನ್ ಮಾಡಿದಾಗಲೆಲ್ಲ ನಮ್ಮ ಮೋಟಾರ್ ಓಡುತ್ತಿತ್ತು! ತಿಂಗಳ ಕೊನೆಗೆ ಅಡಿಕೆಗೆ ನೀರು ಜಾಸ್ತಿ. ಕಾರಣ ಗೊತ್ತಾಗಲು ಮೂರು ವಾರ ಹಿಡಿಯಿತು. ಹಾಗಾಗಿ ಮೊದಲ ದಿನವೇ ಪಾಸ್‌ವರ್ಡ್ ಬದಲಾಯಿಸಿ, ಮನೆಯವರ ನಂಬರ್ ಮಾತ್ರ ಸೇರಿಸಿ, ಬೇರೆಯವರ ಕಾಲ್ ಎತ್ತದ ಹಾಗೆ ಇಡಿಸಿ. ನಿಮ್ಮ ತಂದೆಯವರದು ಕೀಪ್ಯಾಡ್ ಫೋನ್ ಅಂದಿದ್ದೀರಿ. ಹಾಗಿದ್ದರೆ ಕನ್ನಡದಲ್ಲಿ ಮಾತಾಡುವ, ಕಾಲ್ ಮಾಡಿ ಒತ್ತುವ ಮಾಡೆಲ್ ಸಾಕು. ಆ್ಯಪ್, ಇಂಟರ್ನೆಟ್ ಎಲ್ಲ ನಿಮಗೆ ಚಂದ, ಅವರಿಗೆ ತಲೆನೋವು.

ಆಟೋ ಮೋಡ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಇಲ್ಲಿ ಅಕ್ಕಪಕ್ಕದವರ ಸಂಬಂಧವೂ ಕೆಡುತ್ತದೆ. ಆಟೋ ಅಂದರೆ ಕರೆಂಟ್ ಬಂದ ತಕ್ಷಣ ಮೋಟಾರ್ ತಾನೇ ಶುರು. ನಮ್ಮ 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಒಂಬತ್ತು ಮೋಟಾರ್ ಇವೆ. ಮೋಟಾರ್ ಎದ್ದೇಳುವಾಗ ಓಡುವಾಗಿನ ಐದಾರು ಪಟ್ಟು ಆಂಪ್ಸ್ ಎಳೆಯುತ್ತದೆ. ಒಂಬತ್ತೂ ಆಟೋದಲ್ಲಿದ್ದು ಒಂದೇ ಸೆಕೆಂಡಿಗೆ ಎದ್ದರೆ? ವೋಲ್ಟೇಜ್ ಬೀಳುತ್ತದೆ, ಒಂದೂ ಸರಿಯಾಗಿ ಏಳುವುದಿಲ್ಲ, ಫ್ಯೂಸ್ ಹಾರುತ್ತದೆ. ಒಂದು ವರ್ಷ ಟಿಸಿಯೇ ಸುಟ್ಟಿತು, ಹೊಸದು ಬರುವಷ್ಟರಲ್ಲಿ ಸೇವಂತಿಗೆ ಬಾಡಿತ್ತು. ಆಮೇಲೆ ಅರಳಿಕಟ್ಟೆ ಮೇಲೆ ಒಂಬತ್ತೂ ಜನ ಕೂತು ಜಗಳ ಆಡಿ ಸರದಿ ಮಾಡಿಕೊಂಡೆವು. ಕರೆಂಟ್ ಬಂದಮೇಲೆ ಮೊದಲನೆಯವರದು ಎರಡು ನಿಮಿಷಕ್ಕೆ, ಎರಡನೆಯವರದು ನಾಲ್ಕಕ್ಕೆ, ಹೀಗೆ. ಯಾರು ಮೊದಲು ಅನ್ನುವುದಕ್ಕೇ ಒಂದು ಸಂಜೆ ಹೋಯಿತು. ಚೀಟಿ ಎತ್ತಿದೆವು. ನನ್ನದು ಎಂಟನೆಯದು, ಹದಿನಾರು ನಿಮಿಷ.

ಟಿಸಿ ಮೇಲೆ ನಿಮ್ಮೊಬ್ಬರದೇ ಮೋಟಾರ್ ಇದ್ದರೂ ತಡ ಇಡಬೇಕು. ನಿಮ್ಮದು ಸಾವಿರ ಅಡಿ ಮೇಲೆ ಆಳ. ಕರೆಂಟ್ ಹೋದಾಗ ಪೈಪಿನಲ್ಲಿದ್ದ ನೀರು ವಾಲ್ ಸೋರಿ ಕೆಳಗೆ ಇಳಿಯುತ್ತಿದ್ದರೆ ಪಂಪ್ ಹಿಂದಕ್ಕೆ ತಿರುಗುತ್ತಿರುತ್ತದೆ. ಆ ಹೊತ್ತಿಗೇ ಮತ್ತೆ ಆನ್ ಆದರೆ ಶಾಫ್ಟ್ ಮುರಿಯಬಹುದು. ಕರೆಂಟ್ ಹೋಗಿ ಹೋಗಿ ಬರುವ ರಾತ್ರಿ ಇದು ಸಾಮಾನ್ಯ.

ಮಗನಾಗಿ ನೀವು ಗಮನ ಇಡಬೇಕಾದ ವಿಷಯ ಇನ್ನೊಂದಿದೆ. ಒಂದು ಬೆಳಿಗ್ಗೆ ನಾನು ಡ್ರಿಪ್ ಫಿಲ್ಟರ್ ಮುಚ್ಚಳ ಬಿಚ್ಚಿ ಡಿಸ್ಕ್ ತೊಳೆಯುತ್ತಿದ್ದೆ. ಮನೆಯಲ್ಲಿದ್ದ ಮಗ, ಅಪ್ಪ ಮೋಟಾರ್ ಹಾಕಲು ಮರೆತಿದ್ದಾರೆ ಅಂದುಕೊಂಡು ಫೋನಿನಲ್ಲಿ ಆನ್ ಮಾಡಿದ. ನೀರು ಎದೆಗೇ ಬಡಿಯಿತು. ಡಿಸ್ಕುಗಳೆಲ್ಲ ಅಡಿಕೆ ಬುಡದಲ್ಲಿ ಚೆಲ್ಲಾಪಿಲ್ಲಿ. ನೆನೆದು ನಿಂತು ನಕ್ಕೆ, ಆಮೇಲೆ ಕಾಲು ನಡುಗಿತು. ನನ್ನ ಕೈ ಫಿಲ್ಟರಿನಲ್ಲಿದ್ದದ್ದು ಸರಿ. ಸ್ಟಾರ್ಟರ್ ಪೆಟ್ಟಿಗೆಯಲ್ಲೋ, ಕೇಬಲ್ ಜಾಯಿಂಟ್ ಮೇಲೋ ಇದ್ದಿದ್ದರೆ? ಅವತ್ತಿನಿಂದ ಮನೆಯಲ್ಲಿ ಒಂದೇ ಕಟ್ಟಳೆ. ಲೈನ್ ಮುಟ್ಟುವ ಮುಂಚೆ ಮೇನ್ ಆಫ್, ಮೂರೂ ಫ್ಯೂಸ್ ಕಿತ್ತು ಜೇಬಿಗೆ. ಫ್ಯೂಸ್ ಜೇಬಿನಲ್ಲಿದ್ದರೆ ಅಮೆರಿಕದಿಂದ ಫೋನ್ ಮಾಡಿದರೂ ಮೋಟಾರ್ ಏಳುವುದಿಲ್ಲ. ನಿಮ್ಮ ತಂದೆಯವರಿಗೂ ಇದನ್ನು ಹತ್ತು ಸಲ ಹೇಳಿ. ಮೇನಿನಿಂದ ಮೇಲಿನ ವೈರುಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ, ಅಲ್ಲಿಗೆ ಲೈನ್‌ಮನ್ ಬಿಟ್ಟು ಬೇರೆ ಯಾರೂ ಕೈ ಹಾಕಬಾರದು.

ಇಷ್ಟೆಲ್ಲ ಮಾಡಿದರೂ ಯಂತ್ರಕ್ಕೆ ಗೊತ್ತಾಗುವುದು ಕರೆಂಟಿನ ವಿಷಯ, ನೀರಿನ ವಿಷಯ ಅಲ್ಲ. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ರಾತ್ರಿ ಹಾಸಿಗೆಯಲ್ಲೇ ಮಲಗಿ ಆನ್ ಮಾಡಿದೆ. 'ಮೋಟಾರ್ ಚಾಲನೆಯಲ್ಲಿದೆ' ಅಂತ ಹೆಣ್ಣು ದನಿ ಹೇಳಿತು, ಆಂಪ್ಸ್ 12. ಕಂಬಳಿ ಎಳೆದುಕೊಂಡೆ. ಬೆಳಿಗ್ಗೆ ಹೋದರೆ ಸಬ್‌ಮೇನ್ (ತೋಟದೊಳಗೆ ನೀರು ಒಯ್ಯುವ ಪೈಪ್) ಜಾಯಿಂಟ್ ಬಿಟ್ಟುಕೊಂಡು ನಾಲ್ಕು ಗಂಟೆ ನೀರು ದಾರಿಗೆ ಹರಿದಿದೆ. ದಾರಿಯಿಂದ ಪಕ್ಕದವರ ಕಣಕ್ಕೆ. ಕಣದಲ್ಲಿ ರಾಗಿ ಮೆದೆ. ಅಡಿಯ ಎರಡು ಸುತ್ತು ಪೂರ್ತಿ ನೆನೆದಿತ್ತು. ಅವರು ಬೈಯಲಿಲ್ಲ, ಅದೇ ಜಾಸ್ತಿ ನೋವಾಯಿತು. ಮೆದೆ ಕಿತ್ತು ಒಣಗಿಸಲು ನಮ್ಮ ಮನೆಯಿಂದ ಇಬ್ಬರು ಎರಡು ದಿನ ಹೋಗಿ ದುಡಿದೆವು.

ಅಷ್ಟು ಆಳದಿಂದ ಎತ್ತುವ ಪಂಪಿಗೆ ಮೇಲೆ ಪೈಪ್ ಒಡೆದರೂ ಹೊರೆ ಬದಲಾಗುವುದು ತೀರಾ ಕಡಿಮೆ, ಆಂಪ್ಸ್ ನೋಡಿ ಅದು ಗೊತ್ತಾಗುವುದಿಲ್ಲ. ಅದಕ್ಕೆ ನಾನು ಈಗ ಟೈಮರ್ ಇಟ್ಟಿದ್ದೇನೆ. ಒಂದು ಸಲ ಆನ್ ಮಾಡಿದರೆ ಒಂದೂವರೆ ಗಂಟೆಗೆ ತಾನೇ ನಿಲ್ಲುತ್ತದೆ. ಒಡೆದರೂ ಒಂದೂವರೆ ಗಂಟೆಯ ನೀರು ಹೋಗುತ್ತದೆ, ಇಡೀ ರಾತ್ರಿಯದಲ್ಲ. ಸಂಜೆ ಬೆಳಕಿರುವಾಗಲೇ ಯಾವ ಗೇಟ್ ವಾಲ್ ತೆಗೆಯಬೇಕೋ ತೆಗೆದು, ಜಾಯಿಂಟ್‌ಗಳ ಮೇಲೆ ಒಂದು ಸುತ್ತು ನಡೆದು ಬರುತ್ತೇನೆ.

ಗುಡುಗು ಸಿಡಿಲಿನ ಕಾಲದಲ್ಲಿ, ಏಪ್ರಿಲ್, ಮೇ ತಿಂಗಳಲ್ಲಿ, ಮೋಡ ಕಂಡರೆ ಮೇನ್ ಆಫ್ ಮಾಡಿ. ಒಳಗಿರುವುದು ಎಲೆಕ್ಟ್ರಾನಿಕ್ ಬೋರ್ಡ್. ಅರ್ಥಿಂಗ್ ಹೂತಿರುವ ನೆಲದ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ, ಒಣಗಿದ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ.

ದುಡ್ಡು ಕೊಡುವ ಮುಂಚೆ ಇದನ್ನೂ ವಿಚಾರಿಸಿ. ನಿಮ್ಮ ಗೌರಿಬಿದನೂರು ತಾಲ್ಲೂಕಿನಲ್ಲೇ 2025ರಲ್ಲಿ ಕುಸುಮ್-ಸಿ ಸೋಲಾರ್ ಘಟಕ ಶುರುವಾಗಿದೆ. ಪಂಪ್‌ಸೆಟ್ ಫೀಡರಿಗೆ (ಪಂಪ್‌ಸೆಟ್‌ಗಳಿಗೆ ಕರೆಂಟ್ ತರುವ ಲೈನಿಗೆ) ಹಗಲು ಹೊತ್ತಿನಲ್ಲೇ ಕರೆಂಟ್ ಕೊಡುವ ಯೋಜನೆ ಅದು. ನಿಮ್ಮ ಫೀಡರ್ ಅದರಲ್ಲಿ ಬರುತ್ತದಾ ಅಂತ ಬೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೇಳಿ. ಬರುವುದಾದರೆ ರಾತ್ರಿ ಓಡಾಟವೇ ತಪ್ಪುತ್ತದೆ, ಆಗ ಬರೀ ಫೇಸ್ ಮತ್ತು ಡ್ರೈ ರನ್ ಕಾಯುವ ಪೆಟ್ಟಿಗೆ ಹಾಕಿಸಿದರೂ ಸಾಕು. ನಮ್ಮ ಜಿಲ್ಲೆಯ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಪಕ್ಕದ ತಾಲ್ಲೂಕಿನ ನಮಗೆ ಇನ್ನೂ ರಾತ್ರಿ ಪಾಳಿ. ಇದನ್ನು ಹೇಳಿದರೆ ನಮ್ಮ ಲೈನ್‌ಮನ್ ನಕ್ಕುಬಿಡುತ್ತಾರೆ.

ನಿಮ್ಮ ಸ್ಟಾರ್ಟರಿನ ಒಳಗಿನ ಫೋಟೋ ಒಂದು, ಮೋಟಾರ್ ಬಿಲ್ಲಿನಲ್ಲಿರುವ ಆಂಪ್ಸ್ ಎಷ್ಟು ಅನ್ನುವುದು ಒಂದು, ಎರಡನ್ನೂ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ. ಫೋಟೋ ತೆಗೆಯಲು ಬಾಗಿಲು ತೆಗೆಯುವ ಮುಂಚೆ ಮೇನ್ ಆಫ್ ಮಾಡಿ, ಮರೆಯಬೇಡಿ.