ರಷ್ಯಾ ಗಡಿ ಪಕ್ಕದ ಊರಲ್ಲಿ ಓದಬಹುದಾ?

ಫಿನ್ಲೆಂಡಿನ ಲಪ್ಪೇನ್‌ರಾಂತ ಊರಲ್ಲಿ ಎಂಎಸ್ ಸೀಟು ಸಿಕ್ಕಿದೆ, ಮ್ಯಾಪ್ ನೋಡಿದರೆ ರಷ್ಯಾ ಪಕ್ಕದಲ್ಲೇ ಇದೆ, ಫಿನ್ಲೆಂಡ್ ಬೇರೆ ನ್ಯಾಟೊ ಸೇನಾ ಒಕ್ಕೂಟ ಸೇರಿಬಿಟ್ಟಿದೆ, ಅಮ್ಮ ಬೇಡ ಅಂತಿದ್ದಾರೆ ಎಂದು ಬರೆದಿದ್ದೀರಿ. ಧೈರ್ಯವಾಗಿ ಬನ್ನಿ. ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಬೇರೆ ಇದೆ.

ಅಲ್ಲಿಂದ ಗಡಿ ಸುಮಾರು 30 ಕಿ.ಮೀ., ನಿಜ. ಆದರೆ ಇಲ್ಲಿನವರಿಗೆ ಈ ಭಯ ಹೊಸದಲ್ಲ. 1939ರ ಚಳಿಗಾಲದಲ್ಲಿ ಸೋವಿಯತ್ ಸೇನೆ ನುಗ್ಗಿತ್ತು. ಯುದ್ಧ ಮುಗಿದ ಮೇಲೆ ದಶಕಗಟ್ಟಲೆ ಯಾವ ಬಣಕ್ಕೂ ಸೇರದೆ ಇದ್ದರು, ಸೇನೆಯನ್ನು ಮಾತ್ರ ಸೊರಗಲು ಬಿಡಲಿಲ್ಲ. 2022ರಲ್ಲಿ ಉಕ್ರೇನ್ ಮೇಲೆ ದಾಳಿ ಆಯಿತು ನೋಡಿ, ಜನರ ಮನಸ್ಸು ಕೆಲವೇ ವಾರಗಳಲ್ಲಿ ತಿರುಗಿತು. ನ್ಯಾಟೊಗೆ ಅರ್ಜಿ ಹಾಕಲು ಸಂಸತ್ತಿನಲ್ಲಿ ಪರ 188 ಮತ, ವಿರೋಧ 8. 2023ರ ಏಪ್ರಿಲ್ 4ರಂದು ಸದಸ್ಯತ್ವ ಸಿಕ್ಕಿತು. ಜೊತೆಗೇ ಅರ್ಜಿ ಹಾಕಿದ ಸ್ವೀಡನ್ ಅನ್ನು ಹಳೇ ಸದಸ್ಯರಾದ ಟರ್ಕಿ, ಹಂಗೇರಿ ಸತಾಯಿಸಿದವು, ಅದು ಸೇರಿದ್ದು 2024ರ ಮಾರ್ಚ್‌ನಲ್ಲಿ.

ಇದರಿಂದ ದಿನದ ಬದುಕು ಜಾಸ್ತಿ ಬದಲಾಗಿಲ್ಲ. ತಯಾರಿ ಮೊದಲಿಂದಲೂ ಇತ್ತು. ನಮ್ಮ ಅಪಾರ್ಟ್‌ಮೆಂಟಿನ ಕೆಳಗೇ ಬಾಂಬ್ ಶೆಲ್ಟರ್ ಇದೆ, ದೊಡ್ಡ ಕಟ್ಟಡಗಳಿಗೆ ಅದು ಕಡ್ಡಾಯ. ದಪ್ಪ ಉಕ್ಕಿನ ಬಾಗಿಲು. ಒಳಗೆ ಜಾಲರಿ ಗೂಡುಗಳಲ್ಲಿ ಸೈಕಲ್, ಸ್ಕೀ, ಯಾರದೋ ಹಳೇ ತೊಟ್ಟಿಲು! ಆದೇಶ ಬಂದರೆ 72 ಗಂಟೆಯೊಳಗೆ ಎಲ್ಲ ಖಾಲಿ ಮಾಡಬೇಕು. ಮನೆಯಲ್ಲೂ ಮೂರು ದಿನಕ್ಕಾಗುವಷ್ಟು ನೀರು, ಊಟ ಇಟ್ಟುಕೊಳ್ಳಿ ಅನ್ನುತ್ತಾರೆ. ಅವಲಕ್ಕಿ, ಚಟ್ನಿಪುಡಿ ಇರುವವರಿಗೆ ಅದೇನು ಕಷ್ಟ, ಅಲ್ವಾ? ತಿಂಗಳ ಮೊದಲ ಸೋಮವಾರ ಮಧ್ಯಾಹ್ನ 12ಕ್ಕೆ ಸೈರನ್ ಕೂಗಿದರೆ ಗಾಬರಿಯಾಗಬೇಡಿ, ಅದು ಟೆಸ್ಟು. ಕಡ್ಡಾಯ ಸೇನಾ ಸೇವೆ ಈ ದೇಶದ ಪೌರತ್ವ ಇರುವ ಗಂಡಸರಿಗೆ, ಓದಲು ಬಂದವರಿಗಲ್ಲ. ಒಂದು ಎಚ್ಚರ: ಗಡಿ ಕಡೆ ಕಾಡು ಸುತ್ತಲು ಹೋದಾಗ ಹಳದಿ ಫಲಕ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಅನುಮತಿ ಇಲ್ಲದೆ ಮುಂದೆ ಹೋಗುವಂತಿಲ್ಲ.

ಈಗ ನಿಜವಾದ ತೊಂದರೆ. ಆ ಊರಿನ ಅಂಗಡಿ, ಹೋಟೆಲುಗಳು ರಷ್ಯಾದ ಗಿರಾಕಿಗಳನ್ನು ಬಹಳ ನೆಚ್ಚಿಕೊಂಡಿದ್ದವು. 2023ರ ಕೊನೆಗೆ ಜನ ಓಡಾಡುವ ಗಡಿ ದಾರಿಗಳನ್ನು ಫಿನ್ಲೆಂಡ್ ಮುಚ್ಚಿತು. ವ್ಯಾಪಾರ ಬಿದ್ದ ಮೇಲೆ ಪಾರ್ಟ್‌ಟೈಮ್ ಕೆಲಸ ಎಲ್ಲಿಂದ ಬರಬೇಕು? ಸಾಲ ಮಾಡಿ ಬಂದು ಇಲ್ಲೇ ದುಡಿದು ತೀರಿಸುತ್ತೇನೆ ಅನ್ನುವ ಲೆಕ್ಕ ಬೇಡ. ಮೊದಲ ವರ್ಷದ ಖರ್ಚು ಪೂರ್ತಿ ಕೈಯಲ್ಲಿರಲಿ. ಫಿನ್ನಿಷ್ ಕಲಿಯುವುದನ್ನೂ ಬೆಂಗಳೂರಿನಲ್ಲೇ ಶುರು ಮಾಡಿ, ಅಂಗಡಿಯಲ್ಲಿ ಡಬ್ಬಿ ಜೋಡಿಸುವ ಕೆಲಸಕ್ಕೂ ಇಲ್ಲಿ ಭಾಷೆ ಬರುತ್ತಾ ಅಂತ ಕೇಳುತ್ತಾರೆ.