ಮೂವರು ಚಿಕಿತ್ಸಕರನ್ನು ಬದಲಾಯಿಸಿದರೂ ಯಾರೂ ನನ್ನನ್ನು ಅರ್ಥ ಮಾಡಿಕೊಳ್ಳಲಿಲ್ಲ. ಆತಂಕಕ್ಕೆ ಸರಿಯಾದ ಚಿಕಿತ್ಸಕರನ್ನು ಹುಡುಕುವುದು ಹೇಗೆ?

ಮೂರನೆಯವರನ್ನೂ ಬಿಟ್ಟಿರಿ ಎಂದು ಓದಿದಾಗ ನನ್ನ ಹಳೆಯ ದಿನಗಳೇ ಕಣ್ಣ ಮುಂದೆ ಬಂದವು. ನಾನು ಒಬ್ಬರ ಬಳಿ ಎಂಟು ತಿಂಗಳು ಹೋಗಿ, ‘ಇವರಿಗೆ ನನ್ನ ಕಷ್ಟ ತಿಳಿಯುವುದಿಲ್ಲ’ ಎಂದು ಬಿಟ್ಟು ಬಂದವಳು. ತಿಳಿಯದಂತೆ ನೋಡಿಕೊಂಡವಳು ನಾನೇ ಎಂಬುದು ಗೊತ್ತಾಗಲು ಇನ್ನೊಂದು ವರ್ಷ ಹಿಡಿಯಿತು.

ಮೊದಲ ಸಲ ಆದದ್ದು ಬಸ್ಸಿನಲ್ಲಿ. ನಿಂತಿದ್ದೆ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು, ಬೆರಳ ತುದಿಗಳು ಜುಮುಗುಟ್ಟಿದವು, ಎಷ್ಟು ಎಳೆದುಕೊಂಡರೂ ಉಸಿರು ಸಾಲದು ಅನ್ನಿಸಿತು. ಸಾಯುತ್ತಿದ್ದೇನೆ ಎಂದೇ ನಂಬಿದೆ. ಆಮೇಲಿನ ಆರು ತಿಂಗಳಲ್ಲಿ ಮೂರು ಇಸಿಜಿ, ಒಂದು ಥೈರಾಯ್ಡ್ ಪರೀಕ್ಷೆ, ಎಲ್ಲವೂ ಸರಿಯಾಗಿದ್ದವು. (ಪರೀಕ್ಷೆಗಳನ್ನು ಒಮ್ಮೆ ಮಾಡಿಸಲೇಬೇಕು, ಥೈರಾಯ್ಡ್ ಹೆಚ್ಚಾದಾಗಲೂ ಎದೆ ಹೀಗೆಯೇ ಹೊಡೆದುಕೊಳ್ಳುತ್ತದೆ. ಆದರೆ ನನ್ನ ಎರಡನೆಯ ಮತ್ತು ಮೂರನೆಯ ಇಸಿಜಿ ಮಾಡಿಸಿದ್ದು ವೈದ್ಯರಲ್ಲ, ನನ್ನ ಭಯ.) ಪ್ಯಾನಿಕ್ ಡಿಸಾರ್ಡರ್, ಅಂದರೆ ಇದ್ದಕ್ಕಿದ್ದಂತೆ ತೀವ್ರ ಭಯ ಮತ್ತೆ ಮತ್ತೆ ಎರಗುವ ತೊಂದರೆ ಎಂದು ಹೆಸರಿಟ್ಟು ವೈದ್ಯರು ನನ್ನನ್ನು ಒಬ್ಬ ಚಿಕಿತ್ಸಕಿಯ ಬಳಿ ಕಳುಹಿಸಿದರು.

ಆಕೆ ಮಾಡಿದ್ದು ಅರಿವಿನ ವರ್ತನಾ ಚಿಕಿತ್ಸೆ, ಎಲ್ಲರೂ ಸಿಬಿಟಿ ಎನ್ನುವುದು: ಯೋಚಿಸುವ ಮತ್ತು ನಡೆದುಕೊಳ್ಳುವ ರೀತಿಯನ್ನು ಅಭ್ಯಾಸದಿಂದ ಬದಲಿಸುವ ಚಿಕಿತ್ಸೆ. ಒಳಗೆ ಹೋಗುವ ಮುನ್ನ ಪ್ರತಿ ವಾರ ಆತಂಕವನ್ನು ಅಳೆಯುವ ಜಿಎಡಿ-7 ಎಂಬ ಪ್ರಶ್ನಾವಳಿ ತುಂಬಬೇಕಿತ್ತು. ಏಳು ಪ್ರಶ್ನೆಗಳು, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 21. ಹತ್ತು ಮುಟ್ಟಿದರೆ ಮಧ್ಯಮ, ಹದಿನೈದು ಮುಟ್ಟಿದರೆ ತೀವ್ರ. ಮೊದಲ ವಾರ ಪ್ರಾಮಾಣಿಕವಾಗಿ ತುಂಬಿದೆ, 16 ಬಂತು. ಎರಡನೆಯ ತಿಂಗಳ ಹೊತ್ತಿಗೆ 8 ಎಂದು ಬರೆಯುತ್ತಿದ್ದೆ. ಒಳಗೆ 16 ಹಾಗೆಯೇ ಇತ್ತು. ಆಕೆ ಅಷ್ಟು ಶ್ರಮ ಪಡುತ್ತಿದ್ದಾರೆ, ನಾನು ಇನ್ನೂ ಹಾಗೇ ಇದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ. ಒಳ್ಳೆಯ ವಿದ್ಯಾರ್ಥಿನಿಯಾಗಿಯೇ ಬೆಳೆದವಳು, ಅಲ್ಲಿಯೂ ಅಂಕ ತೆಗೆಯಲು ಕುಳಿತುಬಿಟ್ಟೆ.

ನನಗೆ ದುಬಾರಿಯಾದ ತಪ್ಪು ಮಾತ್ರ ಇದಕ್ಕಿಂತ ದೊಡ್ಡದು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮಾಡುವಾಗ ಅದು ತಪ್ಪು ಎಂದೇ ಅನ್ನಿಸುವುದಿಲ್ಲ. ‘ಈ ವಾರ ಬಸ್ಸಿನಲ್ಲಿ ಎರಡು ನಿಲ್ದಾಣ ಹೋಗಿ ಬನ್ನಿ’ ಎಂದು ಆಕೆ ಹೇಳುತ್ತಿದ್ದರು. ಹೋಗುತ್ತಿದ್ದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಬಾಗಿಲ ಪಕ್ಕವೇ ನಿಲ್ಲುತ್ತಿದ್ದೆ. ಚೀಲದಲ್ಲಿ ನೀರಿನ ಬಾಟಲಿ, ಕೈಯಲ್ಲಿ ಅಕ್ಕನ ನಂಬರು ತೆರೆದಿಟ್ಟ ಮೊಬೈಲ್, ಒಳಜೇಬಿನಲ್ಲಿ ಹಿಂದೊಮ್ಮೆ ವೈದ್ಯರು ತುರ್ತಿಗೆಂದು ಕೊಟ್ಟಿದ್ದ ಮಾತ್ರೆಯ ಪಟ್ಟಿ. ನುಂಗುತ್ತಿರಲಿಲ್ಲ, ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೆ ಅಷ್ಟೇ. ನುಂಗದ ಮಾತ್ರೆಯ ಬಗ್ಗೆ ಹೇಳುವುದೇನಿದೆ ಎಂದುಕೊಂಡೆ. ‘ಹೋಗಿ ಬಂದೆ’ ಎಂದಷ್ಟೇ ವರದಿ ಒಪ್ಪಿಸಿದೆ.

ಆ ಎರಡು ನಿಲ್ದಾಣಗಳ ಉದ್ದೇಶ ಬಸ್ ಪ್ರಯಾಣವಲ್ಲ. ಭಯ ಏರುತ್ತದೆ, ಕೆಲವು ನಿಮಿಷಗಳಲ್ಲಿ ತುದಿ ಮುಟ್ಟುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ, ಅಪಾಯವೇನೂ ಆಗುವುದಿಲ್ಲ: ಇದನ್ನು ಮಿದುಳು ಕಣ್ಣಾರೆ ಕಂಡು ಕಲಿಯಬೇಕು. ಜೇಬಿನಲ್ಲಿ ಮಾತ್ರೆ ಇದ್ದರೆ ಅದು ಕಲಿಯುವ ಪಾಠವೇ ಬೇರೆ. ‘ಬಸ್ಸು ಅಪಾಯವೇ, ಮಾತ್ರೆ ಇದ್ದುದರಿಂದ ಬದುಕಿದೆ’ ಎಂದು ಬರೆದುಕೊಳ್ಳುತ್ತದೆ. ಪ್ರತಿ ಪ್ರಯಾಣವೂ ಭಯವನ್ನು ಸವೆಸುವ ಬದಲು ಮಾತ್ರೆಯ ಮೇಲಿನ ನಂಬಿಕೆಯನ್ನು ಗಟ್ಟಿ ಮಾಡುತ್ತಿತ್ತು. ಇಂಥವಕ್ಕೆ ಸುರಕ್ಷತಾ ವರ್ತನೆ ಎಂಬ ಹೆಸರೇ ಇದೆ. ಚಿಕಿತ್ಸಕಿಗೆ ಕಾಣುತ್ತಿದ್ದುದು ಬಸ್ ಹತ್ತುವ, 8 ಅಂಕದ ಒಬ್ಬ ಹೆಂಗಸು. ಆ ಹೆಂಗಸಿಗೆ ಬೇಕಾದ ಚಿಕಿತ್ಸೆಯನ್ನೇ ಅವರು ಸರಿಯಾಗಿ ಕೊಟ್ಟರು. ಎಂಟು ತಿಂಗಳಾದ ಮೇಲೆ ಒಂದು ದಿನ ಮಾತ್ರೆ ಮನೆಯಲ್ಲೇ ಮರೆತೆ. ಅರ್ಧ ದಾರಿಯಲ್ಲಿ ಇಳಿದು, ರಸ್ತೆ ಬದಿಯಲ್ಲಿ ಕುಳಿತು ಅತ್ತೆ. ಮರುವಾರದಿಂದ ಚಿಕಿತ್ಸೆ ಬಿಟ್ಟೆ. ಬಸ್ಸನ್ನೂ ಬಿಟ್ಟೆ, ದೂರದ ಕೆಲಸವೊಂದನ್ನು ಕೈಬಿಟ್ಟೆ.

ಎರಡನೆಯ ಚಿಕಿತ್ಸಕರು ಮೊದಲ ದಿನವೇ ಕೇಳಿದ್ದು: ‘ಹೊರಗೆ ಹೋಗುವಾಗ ಚೀಲದಲ್ಲಿ ಏನೇನು ಇಟ್ಟುಕೊಳ್ಳುತ್ತೀರಿ?’ ಒಂದೊಂದಾಗಿ ಮೇಜಿನ ಮೇಲೆ ಇಟ್ಟೆ. ಮಾತ್ರೆಗಳ ಅವಧಿ ಮುಗಿದು ಏಳು ತಿಂಗಳಾಗಿತ್ತು. ಅವರು ಅದನ್ನು ತಿರುಗಿಸಿ ನೋಡಿ, ಏನೂ ಹೇಳದೆ ನನ್ನ ಕಡೆಗೆ ಸರಿಸಿದರು. ಎರಡನೆಯ ವಾರ ಅಲ್ಲೇ, ಆ ಕೋಣೆಯಲ್ಲೇ, ಒಂದು ನಿಮಿಷ ಜೋರುಜೋರಾಗಿ ಉಸಿರಾಡಿಸಿದರು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮುಗುಟ್ಟಿತು, ತಲೆ ತಿರುಗಿತು. ನಾನು ಸಾವು ಎಂದುಕೊಂಡಿದ್ದುದು ಕುರ್ಚಿಯ ಮೇಲೆ ಕುಳಿತಲ್ಲಿಗೇ ಬಂದು ಹೋಯಿತು. ಮೈಯ ಸಾಮಾನ್ಯ ಸೂಚನೆಗಳನ್ನು ಅನಾಹುತವೆಂದು ಓದಿಕೊಳ್ಳುವುದರಿಂದಲೇ ಪ್ಯಾನಿಕ್ ಉರಿಯುತ್ತದೆ ಎಂದು ಡೇವಿಡ್ ಕ್ಲಾರ್ಕ್ ಎಂಬ ಮನೋವಿಜ್ಞಾನಿ 1986ರಲ್ಲಿಯೇ ಬರೆದಿದ್ದಾರಂತೆ. ಹದಿನಾಲ್ಕು ಭೇಟಿಗಳಲ್ಲಿ ನಾನು ಖಾಲಿ ಕೈಯಲ್ಲಿ ಬಸ್ಸಿನ ನಡುವೆ ನಿಲ್ಲುವಂತಾದೆ. ಎರಡೂ ಕಡೆ ಪದ್ಧತಿ ಅದೇ ಸಿಬಿಟಿ.

ಆದ್ದರಿಂದ ‘ಸರಿಯಾದವರನ್ನು ಹುಡುಕುವುದು ಹೇಗೆ’ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೇಳದೆಯೇ ನಮ್ಮನ್ನು ಅರ್ಥ ಮಾಡಿಕೊಳ್ಳುವವರು ಎಲ್ಲೋ ಇದ್ದಾರೆ ಎಂದು ಹುಡುಕುತ್ತಾ ಹೋದರೆ ನಾಲ್ಕನೆಯವರೂ ಹೀಗೆಯೇ ಮುಗಿಯುತ್ತಾರೆ. ಕೆಟ್ಟ ಚಿಕಿತ್ಸಕರು ಇದ್ದಾರೆ, ನಿಜ. ನಾಚಿಕೆಯಾಗುವಂತೆ ಮಾತಾಡುವವರನ್ನು, ನಿಮ್ಮ ಗುಟ್ಟನ್ನು ಇನ್ನೊಬ್ಬರಿಗೆ ಹೇಳುವವರನ್ನು ಅಂದೇ ಬಿಡಿ. ಫೋನಿನಲ್ಲೇ ಕೇಳಿ: ಆತಂಕಕ್ಕೆ ಯಾವ ಪದ್ಧತಿ ಬಳಸುತ್ತೀರಿ, ಭೇಟಿಗಳ ನಡುವೆ ಮಾಡುವ ಕೆಲಸ ಕೊಡುತ್ತೀರಾ, ಗುಣವಾಗುತ್ತಿದೆಯೇ ಎಂದು ಹೇಗೆ ಅಳೆಯುತ್ತೀರಿ? ಉತ್ತರ ತಡವರಿಸಿದರೆ ಮುಂದೆ ಹೋಗಿ. ಬರೀ ಸಮಾಧಾನ ಹೇಳಿ ಕಳುಹಿಸುವವರು ಆಪ್ಯಾಯವೆನಿಸುತ್ತಾರೆ, ಆದರೆ ಪ್ಯಾನಿಕ್‌ಗೆ ಅದು ಸಾಲದು.

ಔಷಧಿ ಬೇಕೇ ಎಂದೂ ಕೇಳಿದ್ದೀರಿ. ಬೇಕಾದವರು ಮನೋವೈದ್ಯರ ಬಳಿ ಹೋಗಿ ಸಂಕೋಚವಿಲ್ಲದೆ ತೆಗೆದುಕೊಳ್ಳಲಿ. ಆತಂಕ, ಖಿನ್ನತೆಗಳಿಗೆ ದಿನವೂ ತೆಗೆದುಕೊಳ್ಳುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಿಗಳು ಕೆಲಸ ತೋರಿಸಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಕಳವಳ ಹೆಚ್ಚಲೂಬಹುದು. ಅಲ್ಲಿಗೇ ಹೆದರಿ ನಿಲ್ಲಿಸದೆ ವೈದ್ಯರಿಗೆ ಹೇಳಿ. ತಕ್ಷಣ ತಣ್ಣಗಾಗಿಸುವ ಬೆಂಜೋಡಯಜೆಪೈನ್ ಮಾತ್ರೆಗಳು ಅಭ್ಯಾಸವಾಗುತ್ತವೆ. ದಿನವೂ ನುಂಗುತ್ತಿದ್ದರೆ ಒಮ್ಮೆಲೇ ಬಿಡಬೇಡಿ, ವೈದ್ಯರೊಂದಿಗೆ ಸೇರಿ ನಿಧಾನವಾಗಿ ಇಳಿಸಿ. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಇದೆಲ್ಲ ಆಮೇಲೆ, ಇಂದೇ ತುರ್ತು ಸಹಾಯ ಪಡೆಯಿರಿ.

ಇಲ್ಲದಿದ್ದರೆ ಮೂರನೆಯವರ ಬಳಿಯೇ ಇನ್ನೊಂದು ಭೇಟಿ ಕೇಳಿ. ಹೇಳಲು ಬಾಯಿ ಬಾರದಿದ್ದರೆ ಬರೆದುಕೊಂಡು ಹೋಗಿ, ಕಾಗದವನ್ನು ಅವರ ಕೈಗೆ ಕೊಟ್ಟುಬಿಡಿ. ನಾನು ಎರಡನೆಯವರಿಗೆ ಸುಳ್ಳು ಅಂಕಗಳ ವಿಷಯ ತಿಳಿಸಿದ್ದು ಹಾಗೆಯೇ. ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲಿ, ಅಂಗಡಿಗೆ ಹೋಗುವಾಗಲೆಲ್ಲ ಗೆಳತಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಲೇ ಇರುತ್ತೇನೆ, ಅದರಿಂದ ಹೇಗೋ ನಿಭಾಯಿಸುತ್ತೇನೆ ಎಂದು ಬರೆದಿದ್ದೀರಿ. ಆ ಮೂವರಲ್ಲಿ ಯಾರಿಗಾದರೂ ಅದನ್ನು ಹೇಳಿದ್ದಿರಾ?