ಕನ್ನಡಿಗಳ ಜೋಡಣೆಗೆ ಯಾವ ಸಾಧನ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನಲ್ಲಿ ಎಂಟು ಇಂಚು ವ್ಯಾಸದ, 1200 ಮಿ.ಮೀ. ನಾಭಿದೂರದ, ಸರಳ ತಿರುಗುಪೀಠದ ಮೇಲೆ ಕೂರುವ ಡಾಬ್ಸೋನಿಯನ್ ಕನ್ನಡಿ ದೂರದರ್ಶಕವಿದೆ. ಗುರುಗ್ರಹದ ಪಟ್ಟಿಗಳು ಮಸುಕಾಗಿ ಕಾಣುತ್ತಿದ್ದು, ಕಾಲಿಮೇಷನ್ (ಕನ್ನಡಿಗಳ ಜೋಡಣೆ) ತಪ್ಪಿದೆ ಎಂದು ಗೆಳೆಯರು ಹೇಳುತ್ತಾರೆ. ಅದನ್ನು ಸರಿಪಡಿಸಲು ಲೇಸರ್ ಕೊಳ್ಳಬೇಕೋ, ಕಣ್ಣಿಟ್ಟು ನೋಡುವ ಚೆಶೈರ್ ಕೊಳವೆ ಕೊಳ್ಳಬೇಕೋ?
– ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ಒಂದನ್ನೇ ಕೊಳ್ಳುವುದಾದರೆ ಅಡ್ಡತಂತಿಗಳಿರುವ ಉದ್ದನೆಯ ಚೆಶೈರ್ ಕೊಳ್ಳಿರಿ. ಅದಕ್ಕೆ ಬ್ಯಾಟರಿ ಬೇಡ, ಅದು ತಾನಾಗಿ ಕೆಡುವುದೂ ಅಪರೂಪ. ಕಣ್ಣಮಸೂರ ಕೂರಿಸುವ ಫೋಕಸರ್‌ನ ಕೆಳಗೆ ಚಿಕ್ಕ ಕನ್ನಡಿ ನಡುವಿನಲ್ಲಿದೆಯೇ, ಅದು ದೊಡ್ಡ ಕನ್ನಡಿಯ ಕೇಂದ್ರದತ್ತ ವಾಲಿದೆಯೇ, ದೊಡ್ಡ ಕನ್ನಡಿಯ ಓರೆ ಸರಿಯಾಗಿದೆಯೇ ಎಂಬ ಮೂರನ್ನೂ ಅದೊಂದರಲ್ಲಿಯೇ ನೋಡಬಹುದು. ಹಗಲಿನಲ್ಲಿ, ಕೊಳವೆ ಬಿಸಿಲಿನತ್ತ ತಿರುಗದಂತೆ ಪಡಸಾಲೆಯಲ್ಲಿ ಅಡ್ಡಲಾಗಿಟ್ಟು ಕೆಲಸ ಮಾಡಿರಿ. ಆಗ ಕೈಜಾರಿದ ಸ್ಕ್ರೂಡ್ರೈವರ್ ಕನ್ನಡಿಯ ಮೇಲೆ ಬೀಳುವ ಭಯವೂ ಇರುವುದಿಲ್ಲ.

ಲೇಸರ್ ಬೇಡವೆಂದಲ್ಲ, ಆದರೆ ಅದನ್ನು ಪರೀಕ್ಷಿಸದೆ ನಂಬಬಾರದು. ಅಗ್ಗದ ಲೇಸರ್‌ಗಳಲ್ಲಿ ಕಿರಣವೇ ಓರೆಯಾಗಿರುವುದುಂಟು. ಅದನ್ನು ವಿ ಆಕಾರದ ಆಸರೆಯಲ್ಲಿ ಮಲಗಿಸಿ ತಿರುಗಿಸಿದಾಗ ದೂರದ ಗೋಡೆಯ ಮೇಲಿನ ಚುಕ್ಕೆ ಒಂದೇ ಕಡೆ ನಿಲ್ಲದೆ ವೃತ್ತ ಬರೆದರೆ, ಮೊದಲು ದುರಸ್ತಿಯಾಗಬೇಕಾದುದು ಲೇಸರ್ ಹೊರತು ದೂರದರ್ಶಕವಲ್ಲ. ಫೋಕಸರ್‌ನಲ್ಲಿ ಅದು ಸಡಿಲವಾಗಿ ಕುಳಿತರೂ ಇದೇ ತೊಂದರೆ. ಕಿರಣ ದೊಡ್ಡ ಕನ್ನಡಿಯ ಕೇಂದ್ರಕ್ಕೆ ಸರಿಯಾಗಿ ಬೀಳದಿದ್ದರೂ ಮರಳಿ ತನ್ನ ರಂಧ್ರಕ್ಕೇ ಬರುವಂತೆ ತಿರುಪುಗಳನ್ನು ತಿರುಗಿಸಲು ಸಾಧ್ಯವಿರುವುದರಿಂದ, ಕಿರಣ ಮರಳಿತೆಂಬ ಒಂದೇ ಕಾರಣಕ್ಕೆ ಜೋಡಣೆ ಮುಗಿಯಿತೆಂದು ತಿಳಿಯಬಾರದು. ಇದಕ್ಕೆ ಸ್ವೀಡನ್ನಿನ ಹವ್ಯಾಸಿ ನಿಲ್ಸ್ ಒಲೋಫ್ ಕಾರ್ಲಿನ್ ಅವರು ತೋರಿಸಿದ ಉಪಾಯ ಬಹಳ ಸೊಗಸಾದುದು: ಲೇಸರ್‌ನ ಮುಂದೆ ವರ್ಧನೆ ಹೆಚ್ಚಿಸಲು ಬಳಸುವ ಬಾರ್ಲೋ ಮಸೂರವನ್ನು ಇಟ್ಟರೆ ಕಿರಣ ಹರಡಿಕೊಂಡು, ಕನ್ನಡಿಯ ಕೇಂದ್ರದ ಗುರುತಿನ ನೆರಳು ಹಿಂದಿರುಗಿ ಬರುತ್ತದೆ. ಆ ನೆರಳನ್ನು ರಂಧ್ರದ ಸುತ್ತ ಸಮನಾಗಿ ಕೂರಿಸಿದರಾಯಿತು. ಲೇಸರ್‌ನ ಸಣ್ಣ ಓರೆ ಇಲ್ಲಿ ಬಾಧಿಸುವುದಿಲ್ಲ. ಈಗಾಗಲೇ ಬಾರ್ಲೋ ಇದ್ದವರಿಗೆ ಮಾತ್ರ ಲೇಸರ್ ಕೊಳ್ಳಲು ಹೇಳುತ್ತೇನೆ.

ಎಷ್ಟು ನಿಖರತೆ ಬೇಕೆಂಬುದು ನಾಭಿದೂರವನ್ನು ವ್ಯಾಸದಿಂದ ಭಾಗಿಸಿದಾಗ ಬರುವ ಎಫ್ ಸಂಖ್ಯೆಯನ್ನು ಅವಲಂಬಿಸಿದೆ. ನಕ್ಷತ್ರಗಳಿಗೆ ಬಾಲ ಬಂದಂತೆ ಕಾಣಿಸುವ ಕೋಮಾ ದೋಷ ಬಾಧಿಸದ ವಲಯದ ವ್ಯಾಸ ಆ ಸಂಖ್ಯೆಯ ಘನದಂತೆ ಬದಲಾಗುತ್ತದೆ: ಎಫ್/8ರಲ್ಲಿ ಸುಮಾರು 11 ಮಿ.ಮೀ., ನಿಮ್ಮ ಎಫ್/6ರಲ್ಲಿ ಸುಮಾರು 4.7, ಎಫ್/4ರಲ್ಲಿ ಕೇವಲ 1.4. ಆದ್ದರಿಂದ ಆಟೋಕಾಲಿಮೇಟರ್‌ನಂಥ ದುಬಾರಿ ಸಾಧನದ ವಿಚಾರ ಎಫ್/4ರವರಿಗಿರಲಿ. ಯಾವ ಸಾಧನ ಕೊಂಡರೂ ದೊಡ್ಡ ಕನ್ನಡಿಯ ನಟ್ಟನಡುವೆ ಗುರುತಿರಲೇಬೇಕು. ಇಲ್ಲದಿದ್ದರೆ ಕಡತದ ಹಾಳೆಗಳ ತೂತಿಗೆ ಅಂಟಿಸುವ ಕಾಗದದ ಉಂಗುರವನ್ನು ಅಳೆದು ಅಂಟಿಸಿರಿ. ಆ ಭಾಗ ಹೇಗೂ ಚಿಕ್ಕ ಕನ್ನಡಿಯ ನೆರಳಿನಲ್ಲಿರುವುದರಿಂದ ಬಿಂಬಕ್ಕೆ ಹಾನಿಯಿಲ್ಲ.

ಪ್ರಶ್ನೆ: ಜೋಡಣೆಯನ್ನು ಧ್ರುವನಕ್ಷತ್ರದ ಮೇಲೆ ಪರೀಕ್ಷಿಸಬೇಕೆಂದು ಓದಿದ್ದೇನೆ. ನಮ್ಮೂರಿನಿಂದ ಅದು ಬಹಳ ಕೆಳಗೆ ಕಾಣುತ್ತದೆ. ಏನು ಮಾಡಲಿ?
– ಓದುಗರು, ಗದಗ

ಉತ್ತರ: ಆ ಸಲಹೆ ಉತ್ತರದ ದೇಶಗಳವರಿಗೆ ಹೊಂದುತ್ತದೆ. ಗದಗಿನಲ್ಲಿ ಧ್ರುವನಕ್ಷತ್ರದ ಎತ್ತರ ಸುಮಾರು 15 ಡಿಗ್ರಿ ಮಾತ್ರ. ಅಲ್ಲಿಂದ ಬರುವ ಬೆಳಕು ನೆತ್ತಿಯ ಮೇಲಿನ ನಕ್ಷತ್ರದ ಬೆಳಕಿಗಿಂತ ನಾಲ್ಕು ಪಟ್ಟಿನಷ್ಟು ಗಾಳಿಯನ್ನು ದಾಟಿ ಬರುವುದರಿಂದ ಪರೀಕ್ಷೆಯಲ್ಲಿ ನೋಡಬೇಕಾದ ಉಂಗುರಗಳು ಕದಡಿ ಹೋಗುತ್ತವೆ. ಚಳಿಗಾಲದಲ್ಲಿ ರೋಹಿಣಿ, ಮಾರ್ಚ್–ಏಪ್ರಿಲ್‌ನಲ್ಲಿ ಮಘಾ ನಮ್ಮ ನೆತ್ತಿಯ ಸಮೀಪಕ್ಕೇ ಬರುತ್ತವೆ. ಡಾಬ್ಸೋನಿಯನ್ ನೆತ್ತಿಯಲ್ಲಿ ತಿರುಗಿಸಲು ಕಷ್ಟವಾದ್ದರಿಂದ ಅವು 60–70 ಡಿಗ್ರಿ ಎತ್ತರದಲ್ಲಿರುವಾಗ ನೋಡಿರಿ. ಕನ್ನಡಿ ಹೊರಗಿನ ಗಾಳಿಗೆ ತಣಿಯಲು ಮುಕ್ಕಾಲು ಗಂಟೆಯಾದರೂ ಬಿಡಿರಿ. ಅನಂತರ ಹೆಚ್ಚಿನ ವರ್ಧನೆಯಲ್ಲಿ ನಕ್ಷತ್ರವನ್ನು ನೋಟದ ನಡುವಿಗೆ ತಂದು, ಫೋಕಸನ್ನು ತುಸುವೇ ತಪ್ಪಿಸಿದಾಗ ಉಂಗುರಗಳು ಏಕಕೇಂದ್ರವಾಗಿ ಕಾಣಬೇಕು. ಇಲ್ಲವಾದರೆ ದೊಡ್ಡ ಕನ್ನಡಿಯ ತಿರುಪುಗಳನ್ನು ಮಾತ್ರ ಸ್ವಲ್ಪಸ್ವಲ್ಪವೇ ತಿರುಗಿಸಿ, ಪ್ರತಿ ಬಾರಿಯೂ ನಕ್ಷತ್ರವನ್ನು ನಡುವಿಗೆ ತಂದೇ ನೋಡಿರಿ. ಡಂಬಳದ ಕಡೆ ಕತ್ತಲೆಯ ಬಯಲಿಗೆ ದೂರದರ್ಶಕವನ್ನು ವಾಹನದಲ್ಲಿ ಒಯ್ಯುವವರು ಅಲ್ಲಿ ತಲುಪಿದ ಮೇಲೆ ಚೆಶೈರ್‌ನಿಂದ ಇನ್ನೊಮ್ಮೆ ನೋಡುವುದು ಅಗತ್ಯ.

ಪ್ರಶ್ನೆ: ನನ್ನ 114 ಮಿ.ಮೀ. ದೂರದರ್ಶಕದ ನಾಭಿದೂರ 1000 ಮಿ.ಮೀ. ಎಂದಿದ್ದರೂ ಕೊಳವೆ ಅದರ ಅರ್ಧದಷ್ಟೇ ಇದೆ. ಲೇಸರ್ ಚುಕ್ಕೆ ಹರಡಿ ಕಾಣುತ್ತದೆ.
– ಓದುಗರು, ಹಾವೇರಿ

ಉತ್ತರ: ಇಂಥ ಮಾದರಿಗಳಲ್ಲಿ ಫೋಕಸರ್‌ನೊಳಗೆ ಒಂದು ಮಸೂರವಿದ್ದು, ಅದು ಲೇಸರ್ ಕಿರಣವನ್ನೂ ಬಾಗಿಸುತ್ತದೆ. ನಿಮಗೆ ಲೇಸರ್ ನಿರುಪಯೋಗಿ. ಮಸೂರ ಬಿಚ್ಚಲು ಬರುವಂತಿದ್ದರೆ ಬಿಚ್ಚಿ, ನಡುವೆ ಸಣ್ಣ ರಂಧ್ರ ಕೊರೆದ ಮುಚ್ಚಳದಿಂದ ಕನ್ನಡಿಗಳನ್ನು ಹೊಂದಿಸಿರಿ; ಬಿಚ್ಚಲು ಬಾರದಿದ್ದರೆ ಮೇಲೆ ಹೇಳಿದ ನಕ್ಷತ್ರ ಪರೀಕ್ಷೆಯನ್ನೇ ನೆಚ್ಚಿಕೊಳ್ಳಿರಿ.